ಹಾಲು ಉಕ್ಕಿಸಿ ಬೀಗ ಹಾಕಿದ ಮನೆ

ಸ್ವರ್ಣಲತಕ್ಕನನ್ನು ನಾನು ಮೊದಲ ಸಲ ನೋಡಿದ್ದು ಅವರು ಬೆಂಕಿಪೊಟ್ಟಣ ಕೇಳಿಕೊಂಡು ನನ್ನ ಬಾಗಿಲಿಗೆ ಬಂದಾಗ. 1996ರ ಜೂನ್ ತಿಂಗಳ ಕೊನೆ. ನಾನು ಹಿರೇಹಳ್ಳಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ತುಮಕೂರಿನ ಮರಳೂರಿನಲ್ಲಿ ಮರಿಯಮ್ಮ ಎಂಬುವರ ಹಿತ್ತಲಿನ ಮನೆಯಲ್ಲಿ ಬಾಡಿಗೆಗಿದ್ದೆ. ಅಂದು ಸಂಜೆ ಮಳೆ ಬಂದು ನಿಂತಿತ್ತು. ಸ್ಟೋವಿನ ಮೇಲೆ ಅನ್ನಕ್ಕೆ ಇಟ್ಟು ಬಟ್ಟೆ ಒಣಹಾಕುತ್ತಿದ್ದಾಗ ಅವರು ಬಂದು ನಿಂತರು. ಹೆಗಲಿನಲ್ಲಿ ದೊಡ್ಡ ಬಟ್ಟೆಯ ಚೀಲ, ಒಂದು ಕೈಯಲ್ಲಿ ಬೀಗದ ಕೈ, ಇನ್ನೊಂದು ಕೈಯಲ್ಲಿ ಉಂಗುಷ್ಟ ಕಿತ್ತುಹೋದ ಚಪ್ಪಲಿ. ಸೀರೆಯ ನೆರಿಗೆಗೆ ಕೆಂಪು, ಹಳದಿ ದಾರದ ತುಂಡುಗಳು ಅಂಟಿಕೊಂಡಿದ್ದವು.

"ಬೆಂಕಿಪೊಟ್ಟಣ ಇದ್ರೆ ಕೊಡಮ್ಮ. ನಂದು ನೆಂದೋಗಿದೆ" ಎಂದರು.

ನಾನು ಪೊಟ್ಟಣ ಹಿಡಿದುಕೊಂಡು ಅವರ ಹಿಂದೆಯೇ ಹೋದೆ. ನನಗೆ ಕುತೂಹಲವಿತ್ತು. ನನ್ನ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಎರಡು ವಾರದ ಹಿಂದೆ ನಾನು ಆಫೀಸಿಗೆ ಹೋಗಿದ್ದಾಗ ಆ ಮನೆಗೆ ನಾಲ್ಕೈದು ಜನ ಬಂದು, ಹಾಲು ಉಕ್ಕಿಸಿ, ಅಕ್ಕಪಕ್ಕದವರಿಗೆಲ್ಲ ಸಿಹಿ ಹಂಚಿ, ಬೀಗ ಹಾಕಿಕೊಂಡು ಹೋಗಿದ್ದರು. ಆಮೇಲೆ ಯಾರೂ ವಾಸಕ್ಕೆ ಬಂದಿರಲಿಲ್ಲ. ಆದರೆ ಪ್ರತಿ ಸಂಜೆ ಬಾಗಿಲು ತೆರೆದ ಸದ್ದಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಬೀಗ ಬೀಳುತ್ತಿತ್ತು.

ಒಳಗೆ ಒಂದು ಚಾಪೆ, ಹಾಲು ಉಕ್ಕಿಸಿದ ಪಾತ್ರೆ, ಗೂಡಿನಲ್ಲಿ ಶಿವನ ಪಟ, ಅದರ ಮುಂದೆ ಹಿತ್ತಾಳೆಯ ದೀಪ. ಅಷ್ಟೇ. ಅವರು ದೀಪ ಹಚ್ಚಿ ಕೈಮುಗಿದರು. ಆಮೇಲೆ ಚಾಪೆಯ ಮೇಲೆ ಕಾಲು ನೀಡಿಕೊಂಡು, ಗೋಡೆಗೆ ಒರಗಿ ಕಣ್ಣು ಮುಚ್ಚಿದರು.

"ಅಕ್ಕಾ, ನೀವು ಇಲ್ಲಿಗೆ ಯಾವಾಗ ಬರ್ತೀರಿ?" ಎಂದು ಕೇಳಿದೆ.

"ದಿನಾ ಬರ್ತಾನೇ ಇದೀನಲ್ಲಮ್ಮ" ಎಂದು ಕಣ್ಣು ತೆರೆಯದೆ ನಕ್ಕರು. "ದೀಪ ಹಚ್ಚಿ ಗುಬ್ಬಿಗೆ ಹೋಗ್ತೀನಿ. ಮನೆ ಇಲ್ಲಿ, ಸಂಸಾರ ಅಲ್ಲಿ, ಸಂಬಳ ಕುಣಿಗಲ್ಲಲ್ಲಿ."

ಅವರು ಕುಣಿಗಲ್ಲಿನ ಸರ್ಕಾರಿ ಬಾಲಕಿಯರ ಪ್ರೌಢಶಾಲೆಯಲ್ಲಿ ಹೊಲಿಗೆ ಟೀಚರ್. ಗುಬ್ಬಿ ಕಡೆಯ ರೈತರ ಮನೆಯ ಮಗಳು. ಎಸ್ಸೆಸ್ಸೆಲ್ಸಿ ಆದ ಮೇಲೆ ಹೊಲಿಗೆ ತರಬೇತಿ ಮಾಡಿದ್ದರು. ಗುಬ್ಬಿಯ ಮಲ್ಲಿಕಾರ್ಜುನ ಅವರನ್ನು ಮದುವೆಯಾದ ಕೆಲವೇ ತಿಂಗಳಿಗೆ ನೇಮಕದ ಆದೇಶ ಬಂತು. ಗಂಡನಿಗೆ ಗುಬ್ಬಿ ಬಸ್‌ಸ್ಟ್ಯಾಂಡಿನ ಹತ್ತಿರ ಸೈಕಲ್ ಶಾಪು: ಬಾಡಿಗೆ ಸೈಕಲ್ಲು, ಪಂಚರು, ಓವರಾಯಿಲಿಂಗ್. ಮನೆಯಲ್ಲಿ ಅತ್ತೆ ಕಲ್ಲಮ್ಮ, ಭಾವ, ಓರಗಿತ್ತಿ, ಅವರ ಮಕ್ಕಳು.

ಎರಡು ವರ್ಷದಿಂದ ಅಕ್ಕ ಗುಬ್ಬಿಯಿಂದ ತುಮಕೂರಿಗೆ ಒಂದು ಬಸ್ಸು, ಅಲ್ಲಿಂದ ಕುಣಿಗಲ್ಲಿಗೆ ಇನ್ನೊಂದು ಬಸ್ಸು ಹತ್ತುತ್ತಿದ್ದರು. ಮೊದಲನೆಯದು ತಡವಾದರೆ ಎರಡನೆಯದು ತಪ್ಪುತ್ತಿತ್ತು. ಪ್ರಾರ್ಥನೆ ಮುಗಿದ ಮೇಲೆ ಶಾಲೆಯ ಗೇಟಿನೊಳಗೆ ಹೋಗುವುದು ಅವರಿಗೆ ನಾಚಿಕೆಯ ವಿಷಯವಾಗಿತ್ತು. ಮುಖ್ಯೋಪಾಧ್ಯಾಯಿನಿ ಒಳ್ಳೆಯವರು, ಆದರೂ ಆ ಬೇಸಿಗೆಯಲ್ಲಿ ಕರೆದು, "ಈ ವರ್ಷವೂ ಹೀಗೇ ಆದ್ರೆ ನಾನು ಮೇಲಿನವರಿಗೆ ಬರೀಬೇಕಾಗುತ್ತೆ" ಎಂದಿದ್ದರು. ಅತ್ತೆ, "ಹೊಲಿಯೋದನ್ನ ಮನೇಲೇ ಕೂತು ಹೊಲೀಬೌದಲ್ಲ, ಬುಟ್ಬುಡು" ಎನ್ನುತ್ತಿದ್ದರು. ಕೆಲಸ ಬಿಡುವ ಮಾತು ಬಂದರೆ ಅಕ್ಕನಿಗೆ ಅನ್ನ ಇಳಿಯುತ್ತಿರಲಿಲ್ಲ. ಅವರ ತವರಿನಲ್ಲಿ ಸಂಬಳ ಎಂಬುದನ್ನು ಕಂಡವರು ಅವರೊಬ್ಬರೇ. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೊಬ್ಬಳೇ ಆದ್ದರಿಂದ ಆ ಭಯ ನನಗೆ ಬೇಗ ಅರ್ಥವಾಯಿತು.

ಗುಬ್ಬಿಯಲ್ಲೇ ಇದ್ದರೆ ಅಕ್ಕನ ಕೆಲಸ ಉಳಿಯುವುದಿಲ್ಲ. ಕುಣಿಗಲ್ಲಿಗೆ ಹೋದರೆ ಗಂಡನ ಅಂಗಡಿ ನಡೆಯುವುದಿಲ್ಲ. ಮರಳೂರು ಕುಣಿಗಲ್ ರಸ್ತೆಯಲ್ಲೇ ಇದೆ. ಇಲ್ಲಿಂದ ಅಕ್ಕನಿಗೆ ಒಂದೇ ಬಸ್ಸು ಸಾಕು. ಆದರೆ ಅಂಗಡಿಗೆ ನಡೆದುಕೊಂಡೇ ಹೋಗುತ್ತಿದ್ದ ಮಲ್ಲಿಕಾರ್ಜುನ ಅವರು ಇನ್ನು ದಿನಾ ಗುಬ್ಬಿ ಬಸ್ಸು ಹತ್ತಬೇಕು. ಬೆಳಿಗ್ಗೆ ಹಾಲಿನವರ ಸೈಕಲ್ಲುಗಳು ಬರುವ ಹೊತ್ತಿಗೆ ಬಾಗಿಲು ತೆಗೆಯುವುದು ಯಾರು? ಹೀಗಾಗಿ ಅವರು ಅರ್ಧ ಮನಸ್ಸಿನಿಂದ ಒಪ್ಪಿದ್ದರು. "ಹೇಗೂ ಆಷಾಢ ಬರ್ತಿದೆ. ಅದಕ್ಕೆ ಮುಂಚೆ ಹಾಲು ಉಕ್ಕಿಸಿ ಮನೆ ಹಿಡ್ಕೊಳ್ಳೋಣ. ಒಂದು ತಿಂಗಳು ಕಳೀಲಿ, ಶ್ರಾವಣಕ್ಕೆ ಸಾಮಾನು ಸಾಗಿಸಿದ್ರಾಯ್ತು" ಎಂದರಂತೆ.

ಹಾಲು ಉಕ್ಕಿಸಿದ ಎರಡನೆಯ ದಿನ ಅವರ ದೊಡ್ಡಪ್ಪ ಗುರುಸಿದ್ದಯ್ಯನವರು ಪಂಚಾಂಗ ಹಿಡಿದುಕೊಂಡು ಬಂದರು. "ಏನ್ಲಾ ಮಲ್ಲಿ, ಇದ್ನ ನೋಡಿದ್ಯಾ? ಈ ಸಲ ಅಧಿಕ ಮಾಸ ಕಣೋ. ಎರಡು ಆಷಾಢ!"

ಒಂದು ತಿಂಗಳು ಎಂದುಕೊಂಡಿದ್ದು ಎರಡಾಯಿತು. ಎರಡು ತಿಂಗಳು ಸಾಮಾನು ತರುವಂತಿಲ್ಲ. ಹಾಗೆಂದು ಮನೆಯನ್ನು ಬೀಗ ಹಾಕಿ ಬಿಡುವಂತೆಯೂ ಇರಲಿಲ್ಲ. ಮನೆಯ ಒಡತಿ ಮರಿಯಮ್ಮ ಕಟ್ಟುನಿಟ್ಟಾಗಿ ಹೇಳಿದ್ದರು: "ಹಾಲು ಉಕ್ಸಿದ್ ಮನೆ ಕತ್ಲಲ್ಲಿರಬಾರ್ದು ಕಣಮ್ಮ. ದಿನಾ ದೀಪ ಹಚ್ಚಂಗಿದ್ರೆ ಮಡಿಕ್ಕೋ, ಇಲ್ದಿದ್ರೆ ಬೀಗದ ಕೈ ಕೊಟ್ಬುಡು." ಆದ್ದರಿಂದ ಅಕ್ಕ ಕುಣಿಗಲ್ಲಿನಿಂದ ಬರುವಾಗ ಮರಳೂರಿನಲ್ಲಿ ಇಳಿದು, ದೀಪ ಹಚ್ಚಿ, ಮತ್ತೆ ತುಮಕೂರು ಬಸ್‌ಸ್ಟ್ಯಾಂಡಿಗೆ ಹೋಗಿ ಗುಬ್ಬಿ ಬಸ್ಸು ಹಿಡಿಯಬೇಕಾಯಿತು. ಪ್ರಯಾಣ ಕಡಿಮೆ ಮಾಡಲೆಂದು ಹಿಡಿದ ಮನೆಯಿಂದ ಪ್ರಯಾಣ ಇನ್ನಷ್ಟು ಉದ್ದವಾಯಿತು.

ಜುಲೈನಲ್ಲಿ ಕುಣಿಗಲ್ ರಸ್ತೆಯಲ್ಲಿ ಒಂದು ಮೋರಿಯ ಕೆಲಸ ಶುರುವಾಯಿತು. ಬಸ್ಸುಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಒಂದು ಶುಕ್ರವಾರ ಅಕ್ಕ ಬರುವಷ್ಟರಲ್ಲಿ ಚೆನ್ನಾಗಿ ಕತ್ತಲಾಗಿತ್ತು. ಮರಿಯಮ್ಮ ಜಗಲಿಯ ಮೇಲೇ ಕೂತಿದ್ದರು.

"ಇವತ್ತು ಶುಕ್ರವಾರ ಕಣಮ್ಮ. ಊರೋರೆಲ್ಲ ದೀಪ ಹಚ್ಚಿ ಉಂಡೂ ಆಯ್ತು. ನಿನ್ ಮನೆ ನೋಡು, ಬಿಕೋ ಅಂತದೆ."

"ಬಸ್ಸು ನಿಂತೋಯ್ತಮ್ಮ, ಏನ್ ಮಾಡ್ಲಿ?"

"ಬಸ್ಸಿನ ಕತೆ ದೇವ್ರಿಗ್ಯಾಕೆ? ನಿನ್ ಗಂಡ ಏನ್ ಮಾಡ್ತವ್ನೆ? ಅವ್ನಿಗೂ ಮನೆ ತಾನೆ ಇದು?"

ನಾನು ನಡುವೆ ಬಾಯಿ ಹಾಕಿ, "ತಡವಾದ ದಿನ ನಾನೇ ಹಚ್ತೀನಿ ಬಿಡಿ" ಎಂದೆ.

"ನೀನ್ ಹಚ್ಚಿದ್ರೆ ಅದು ನಿನ್ ಮನೆ ದೀಪ ಆಯ್ತದೆ. ಸುಮ್ಕಿರು ನೀನು."

ಸೋಮವಾರ ಸಂಜೆ ಮಲ್ಲಿಕಾರ್ಜುನ ಅವರು ಬಂದರು. ಎತ್ತರದ ಆಳು, ಉಗುರಿನ ಸಂದಿನಲ್ಲಿ ಗ್ರೀಸಿನ ಕಪ್ಪು. ಅಂಗಡಿಯನ್ನು ಹೊತ್ತಿಗೆ ಮುಂಚೆಯೇ ಮುಚ್ಚಿ ಬಂದಿದ್ದರು. ತಮ್ಮ ಹತ್ತಿರವಿದ್ದ ಇನ್ನೊಂದು ಬೀಗದ ಕೈಯಿಂದ ಬಾಗಿಲು ತೆಗೆದು, ಬತ್ತಿ ಎಲ್ಲಿದೆ, ಎಣ್ಣೆ ಎಲ್ಲಿದೆ ಎಂದು ನನ್ನನ್ನೇ ಕೇಳಿ, ದೀಪ ಹಚ್ಚಿ, ಜಗಲಿಗೆ ಬಂದು ಕೂತರು.

"ಏನಪ್ಪಾ, ಗೊತ್ತಾಯ್ತಾ ನಿನ್ ಮನೆ ದಾರಿ?" ಎಂದರು ಮರಿಯಮ್ಮ.

"ಗೊತ್ತಾಯ್ತಮ್ಮ. ಗುಬ್ಬಿಯಿಂದ ನಿಂತ್ಕೊಂಡೇ ಬಂದೆ. ಕಾಲು ಬಿದ್ದೋಗಿದೆ."

"ಅಯ್, ಬುಡು! ನಿನ್ ಹೆಂಡ್ತಿ ಎರಡು ವರ್ಷದಿಂದ ನಿಂತ್ಕಂಡೇ ಓಡಾಡ್ತವ್ಳೆ. ಅವ್ಳಿಗೇನ್ ಮರದ್ ಕಾಲಾ?"

ಮಲ್ಲಿಕಾರ್ಜುನ ಅವರು ಬಗ್ಗಿ ಕಾಲು ಒತ್ತಿಕೊಂಡರು. ಮರಿಯಮ್ಮ ಒಳಗೆ ಹೋದ ಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ನೋಡಿ ಮೇಡಂ, ಈ ಮನೆ ಬೇಡ ಅಂತ ಹೇಳೋಕೇ ಇವತ್ತು ಬಂದಿದ್ದು. ಅಂಗಡಿ ಬಿಟ್ಟು ಬಸ್ಸಲ್ಲಿ ಓಡಾಡೋದು ನನ್ ಕೈಲಾಗಲ್ಲ. ಅವ್ಳು ಕೆಲ್ಸ ಬಿಡ್ಲಿ. ಮನೇಲೇ ಮಿಷನ್ ಹಾಕ್ಕೊಡ್ತೀನಿ."

"ಅಕ್ಕನಿಗೆ ಹೇಳಿದ್ದೀರಾ?"

"ಇನ್ನೂ ಇಲ್ಲ. ಬರ್ಲಿ ಅಂತ ಕಾಯ್ತಿದೀನಿ."

ಎದ್ದು ಹೋಗುವುದು ನನಗೆ ಸರಿಯೆನಿಸಲಿಲ್ಲ. ಅಷ್ಟರಲ್ಲಿ ಅಕ್ಕ ರಸ್ತೆಯ ಕಡೆಯಿಂದ ಓಡುತ್ತಲೇ ಬಂದರು. ಗೇಟಿನ ಹತ್ತಿರ ಥಟ್ಟನೆ ನಿಂತರು. ಬೀಗದ ಕೈ ತೆಗೆಯಲೆಂದು ಚೀಲಕ್ಕೆ ಹಾಕಿದ ಕೈ ಅಲ್ಲೇ ಇತ್ತು. ತೆರೆದ ಬಾಗಿಲನ್ನೂ ಒಳಗಿನ ದೀಪವನ್ನೂ ನೋಡಿ, ಆಮೇಲೆ ಗಂಡನನ್ನು ನೋಡಿದರು.

"ಅಯ್ಯೋ, ನೀವಾ? ಯಾವಾಗ ಬಂದ್ರಿ?"

"ಆಗ್ಲೇ ಬಂದೆ."

"ದೀಪ ನೀವೇ ಹಚ್ಚಿದ್ರಾ? ನಾನ್ ಬರೋಷ್ಟ್ರಲ್ಲಿ ಮನೆ ಬೆಳಕಾಗಿದೆ ಕಣ್ರೀ! ಅಲ್ಲಿ ಹೋದ್ರೆ ಎಲ್ರೂ ಮಲಗಿರ್ತಾರೆ, ಇಲ್ಲಿ ಬಂದ್ರೆ ಬೀಗ ತಡಕಾಡ್ಬೇಕು. ಯಾರೋ ನನಗೋಸ್ಕರ ಕಾಯ್ತಾ ಕೂತಿರೋದು ಇದೇ ಮೊದ್ಲು."

ದೂರಿನ ದನಿಯೇ ಇರಲಿಲ್ಲ. ಅಕ್ಕ ನಗುತ್ತಲೇ ಹೇಳಿದ್ದರು. ಮಲ್ಲಿಕಾರ್ಜುನ ಅವರು ಎದ್ದು ಚೊಂಬಿನಲ್ಲಿ ನೀರು ತಂದುಕೊಟ್ಟರು. "ಏನಾದ್ರೂ ತಿಂದ್ಯಾ?" ಎಂದು ಕೇಳಿದರು. ಮಧ್ಯಾಹ್ನ ತಿಂದಿದ್ದಷ್ಟೇ ಎಂದು ಗೊತ್ತಾದ ಮೇಲೆ ಮೂಲೆಯ ಅಂಗಡಿಗೆ ಹೋಗಿ ಬೋಂಡ ಕಟ್ಟಿಸಿಕೊಂಡು ಬಂದರು. ನಾನು ಒಳಗೆ ಹೋದೆ. ಗೋಡೆಯಾಚೆ ಸ್ವಲ್ಪ ಹೊತ್ತು ಮಾತು, ಆಮೇಲೆ ನಗು ಕೇಳಿಸಿತು. ಇಬ್ಬರೂ ಒಟ್ಟಿಗೆ ಬೀಗ ಹಾಕಿಕೊಂಡು ಗುಬ್ಬಿಗೆ ಹೊರಟರು. ಹೇಳಬೇಕೆಂದು ಬಂದಿದ್ದನ್ನು ಅವರು ಹೇಳಿರಲಿಲ್ಲ.

ಮರುದಿನವೂ ಬಂದರು. "ಬಸ್ಸು ಲೇಟಾದ್ರೆ ಅಂತ ಬಂದೆ" ಎಂದರು. ಮೋರಿಯ ಕೆಲಸ ಮುಗಿದು ಬಸ್ಸು ಸರಿಯಾದ ಹೊತ್ತಿಗೆ ಬರತೊಡಗಿತು. ಆಗಲೂ ವಾರದಲ್ಲಿ ಮೂರ್ನಾಲ್ಕು ದಿನ ಬರುತ್ತಿದ್ದರು. ಒಂದು ದಿನ ಚೀಲದಲ್ಲಿ ಎರಡು ಲೋಟ ಬಂದವು. ಇನ್ನೊಂದು ದಿನ ಕಾಫಿಪುಡಿ, ಸಕ್ಕರೆ. ಮತ್ತೊಂದು ದಿನ ಪೇಪರಿನಲ್ಲಿ ಸುತ್ತಿದ ಸೀಮೆಎಣ್ಣೆ ಸ್ಟೋವು.

"ಇದೇನಪ್ಪ, ಆಷಾಢಕ್ಕೆ ಗೊತ್ತಾಗ್ದಂಗೆ ಒಂದೊಂದೇ ಸಾಗಿಸ್ತಾ ಇದೀಯ?" ಎಂದು ಮರಿಯಮ್ಮ ಜಗಲಿಯಿಂದಲೇ ಕೂಗಿದರು.

"ಇದು ಸಾಮಾನಲ್ಲಮ್ಮ, ಕಾಫಿ!"

"ಆಷಾಢದಾಗೆ ಹೊಸ ಗಂಡ ಹೆಂಡ್ತೀನ ಬ್ಯಾರೆ ಬ್ಯಾರೆ ಮಾಡ್ತಾರೆ. ನೀವ್ ನೋಡಿದ್ರೆ ಆಷಾಢದಾಗೇ ಜತೆಯಾದ್ರಲ್ಲ, ಅದೂ ಎರಡೆರಡು ಆಷಾಢ!"

ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೆ ನನ್ನ ಬಳಿ ಹೇಳಿದರು: "ಅಮ್ಮ ತಮಾಷೆ ಮಾಡಿದ್ರೂ ನಿಜಾನೇ ಹೇಳಿದ್ರು. ಗುಬ್ಬೀಲಿ ನಾನು ಮನೆ ಸೇರೋ ಹೊತ್ತಿಗೆ ಇವ್ರು ಮಲಗಿರ್ತಿದ್ರು. ಬೆಳಿಗ್ಗೆ ಎದ್ರೆ ಅಂಗಡಿಗೆ ಹೋಗಿರ್ತಿದ್ರು. ಮದುವೆಯಾಗಿ ಇಷ್ಟು ದಿನ ಆದ್ಮೇಲೆ ನಾವಿಬ್ರೂ ಕೂತು ಮಾತಾಡಿದ್ದು ಈ ಚಾಪೆ ಮೇಲೇನೇ."

ಆದರೂ ತೀರ್ಮಾನ ಆಗಿರಲಿಲ್ಲ. ಕಾಫಿ ಕುಡಿದು ಹೋಗುವುದು ಬೇರೆ, ಅಂಗಡಿಯ ಹೊತ್ತು ಬದಲಿಸುವುದು ಬೇರೆ. ಎರಡನೆಯ ಆಷಾಢ ಮುಗಿಯುತ್ತಾ ಬಂದಾಗ ಅಕ್ಕ ಮತ್ತೆ ಮಂಕಾದರು. ಸಾಮಾನು ಬರುತ್ತದೋ, ಬೀಗದ ಕೈ ಮರಿಯಮ್ಮನ ಕೈಗೆ ಹೋಗುತ್ತದೋ ಅವರಿಗೂ ಗೊತ್ತಿರಲಿಲ್ಲ. ಒಂದು ಭಾನುವಾರ ಗುಬ್ಬಿಯಲ್ಲಿ ಮನೆಯವರೆಲ್ಲ ಕೂತು ಮಾತಾಡಿದರು. ಮಾರನೆಯ ಸಂಜೆ ಅಕ್ಕ ಬಂದವರೇ ಅದನ್ನೆಲ್ಲ ನಮಗೆ ಹೇಳಿದರು.

ಕಲ್ಲಮ್ಮನವರು ಮೊದಲೇ ಕೇಳಿದರಂತೆ: "ಅಂಗಡಿ ಬಾಗ್ಲು ತೆಗೆಯೋದ್ ಯಾರೋ? ಹಾಲಿನೋರು ನಿನ್ ಬಸ್ಸು ಬರೋಗಂಟ ಕಾಯ್ತಾರಾ?"

"ಕಾಯೋರು ಕಾಯ್ತಾರೆ, ಇಲ್ದೋರು ಬೇರೆ ಅಂಗಡಿಗೆ ಹೋಗ್ತಾರೆ" ಎಂದರಂತೆ ಮಲ್ಲಿಕಾರ್ಜುನ ಅವರು. "ನೋಡವ್ವ, ಇವ್ಳು ತಡವಾಗಿ ಹೋದ್ರೆ ಬಯ್ಯೋರವ್ರೆ, ಕೆಲ್ಸಾನೇ ಹೋಗ್ತದೆ. ನಾನ್ ತಡವಾಗಿ ಹೋದ್ರೆ ಬಯ್ಯೋರ್ ಯಾರು? ಅಂಗಡಿ ನಂದೇ ಅಲ್ವಾ? ತಡ ಆಗೋದಿದ್ರೆ ನಂಗೇ ಆಗ್ಲಿ. ಬಸ್ಸು ನಾನೂ ಹತ್ತೀನಿ."

ಗುರುಸಿದ್ದಯ್ಯನವರು, "ಲೋ, ಎರಡು ತಿಂಗಳು ಪಂಚಾಂಗ ನೋಡಿದ್ರೂ ನಂಗೆ ಇದು ಹೊಳೀಲಿಲ್ವಲ್ಲೋ" ಎಂದು ನಕ್ಕುಬಿಟ್ಟರಂತೆ. ಕಲ್ಲಮ್ಮನವರು, "ಅಕ್ಕಿ ರಾಗಿ ಇಲ್ಲಿಂದ್ಲೇ ತಗೊಂಡೋಗಿ" ಎಂದರಂತೆ. ಇಷ್ಟು ಹೇಳುವಷ್ಟರಲ್ಲಿ ಅಕ್ಕನ ಕಣ್ಣು ತುಂಬಿತ್ತು.

ಶ್ರಾವಣದ ಮೊದಲ ಸೋಮವಾರ ಒಂದು ಟೆಂಪೋದಲ್ಲಿ ಮಂಚ, ಬೀರು, ಹೊಲಿಗೆ ಮಿಷನ್, ಎರಡು ಮೂಟೆ ರಾಗಿ ಬಂದವು. ಅದಾದ ಮೇಲೆ ಅಕ್ಕ ಪ್ರಾರ್ಥನೆ ತಪ್ಪಿಸಿಕೊಂಡಿದ್ದು ನನಗೆ ನೆನಪಿಲ್ಲ. ಮಲ್ಲಿಕಾರ್ಜುನ ಅವರಿಗೆ ಮಾತ್ರ ನಷ್ಟವಾಗದೆ ಇರಲಿಲ್ಲ. ಹಾಲಿನವರಲ್ಲಿ ಅರ್ಧದಷ್ಟು ಜನ ಬೇರೆ ಅಂಗಡಿ ಹಿಡಿದರು. ಬಸ್ಸಿನಲ್ಲಿ ಸೀಟು ಸಿಗಲಿಲ್ಲವೆಂದು ಅವರು ಬಹಳ ದಿನ ಗೊಣಗುತ್ತಿದ್ದರು. ಕೊನೆಗೆ ಮಂತ್ಲಿ ಪಾಸು ಮಾಡಿಸಿ ರೈಲಿಗೆ ಬದಲಾದರು, ಆಮೇಲೆ ರೈಲನ್ನೂ ಬೈದರು, ಮತ್ತೆ ಬಸ್ಸಿಗೆ ಬಂದರು.

ಒಮ್ಮೆ ನಾನು, "ಭಾವ ಇಷ್ಟು ಗೊಣಗ್ತಾರಲ್ಲ, ನಿಮಗೆ ಬೇಜಾರಾಗಲ್ವಾ ಅಕ್ಕಾ?" ಎಂದು ಕೇಳಿದೆ.

"ಮೊದ್ಲು ನಾನೊಬ್ಳೇ ಸುಸ್ತಾಗಿ ಬರ್ತಿದ್ದೆ, ಜಗಳ ಆಗ್ತಿತ್ತು. ಈಗ ಇಬ್ರೂ ಸುಸ್ತಾಗಿ ಬರ್ತೀವಿ. ಜಗಳ ಆಡೋಕೆ ಶಕ್ತಿ ಎಲ್ಲಮ್ಮ ಇದೆ?" ಎಂದರು.

1999ರಲ್ಲಿ ನನಗೆ ಮದುವೆಯಾಯಿತು, ತುಮಕೂರಿನಲ್ಲೇ ಇರುವ ಶೆಟ್ಟಿಹಳ್ಳಿಗೆ ಬಂದೆ. ಮರುವರ್ಷ ಅಕ್ಕನಿಗೆ ಮಗಳು ಹುಟ್ಟಿದಳು, ಭೂಮಿಕಾ. ಹೆರಿಗೆ ರಜೆ ಮುಗಿದ ಮೇಲೆ ಮಗುವನ್ನು ನೋಡಿಕೊಳ್ಳಲು ಕಲ್ಲಮ್ಮನವರು ಮರಳೂರಿಗೆ ಬಂದರು. ಒಂದು ವರ್ಷಕ್ಕೆಂದು ಬಂದವರು ಮರಿಯಮ್ಮನ ಜಗಲಿಗೆ ಒಗ್ಗಿಕೊಂಡು ಮೂರು ವರ್ಷ ಇದ್ದರು.

2005ರಲ್ಲಿ ಅಕ್ಕನಿಗೆ ಗುಬ್ಬಿಗೇ ವರ್ಗವಾಯಿತು. ಇನ್ನು ಸಂಸಾರವೂ ಗುಬ್ಬಿಗೆ ಹೋಗುತ್ತದೆ ಎಂದು ಎಲ್ಲರೂ ಅಂದುಕೊಂಡೆವು. ಗುಬ್ಬಿಯ ಮನೆಯಲ್ಲಿ ಅವರ ಕೋಣೆಗೆ ಸುಣ್ಣವನ್ನೂ ಹೊಡೆಸಿದ್ದರು. ನಾನು ಶುಭಾಶಯ ಹೇಳಲು ಹೋದಾಗ ಅಕ್ಕ ಭೂಮಿಕಾಳ ಸ್ಕೂಲ್ ಫ್ರಾಕಿಗೆ ಅಂಚು ಮಡಿಸಿ ಹೊಲಿಯುತ್ತಾ ಕೂತಿದ್ದರು.

"ಸಾಮಾನು ಯಾವಾಗ ಕಟ್ಟೋದು ಅಕ್ಕಾ?"

"ಯಾಕೆ ಕಟ್ಬೇಕು? ಇವಳ ಸ್ಕೂಲು ಇಲ್ಲೇ ಇದೆ. ನಿಮ್ ಭಾವ ಒಂಬತ್ತು ವರ್ಷ ಒಬ್ರೇ ಹೋಗಿ ಬಂದಿದಾರೆ. ಈಗ ಜೊತೆ ಸಿಕ್ತು ಅಂತ ಖುಷಿಯಾಗಿದಾರೆ."

ಒಳಗಿನಿಂದ ಮಲ್ಲಿಕಾರ್ಜುನ ಅವರ ದನಿ ಬಂತು: "ಸೀಟು ಸಿಕ್ಕಿದ್ರೆ ಮೊದ್ಲು ನಾನ್ ಕೂತ್ಕೋತೀನಿ ಕಣೇ, ಈಗ್ಲೇ ಹೇಳಿದೀನಿ!"

ಸ್ವರ್ಣಲತಕ್ಕ ಈಗ ಗುಬ್ಬಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಹೊಲಿಗೆ ಕಲಿಸುತ್ತಾರೆ. ಮರಳೂರಿನಲ್ಲೇ ಇದ್ದಾರೆ, ಬೆಳಿಗ್ಗೆ ಗಂಡನ ಜೊತೆ ಬಸ್ಸಿನಲ್ಲಿ ಹೋಗಿ, ಸಂಜೆ ಗಂಡನ ಜೊತೆ ವಾಪಸ್ಸು ಬರುತ್ತಾರೆ.