ಸೋಸಪ್ಪನ ಹಿಪ್ಪೆ ಡ್ರಮ್ಮು

ಥೂ, ನನ್ನ ತಮ್ಮನ ವಿಷಯ ಅಂದ್ರೆ ಮೊದಲು ಮೂಗಿಗೆ ಬರೋದು ಆ ಡ್ರಮ್ಮು ಕಣೇ. ಅವನ ಕಥೆ ಬೇಕು ಅಂದ್ಯಲ್ಲ, ಬರ್ಕೋ. ಬಸ್ ಸ್ಟ್ಯಾಂಡ್ ಎದುರಿಗೆ ಜ್ಯೂಸ್ ಅಂಗಡಿ ಅವನದು. ಮುಂದೆಲ್ಲ ಫಳಫಳ, ಹಿಂದೆ ಹೋದ್ರೆ ಹಿಂಡಿದ ಹಿಪ್ಪೆ ತುಂಬಿದ ಡ್ರಮ್ಮು. ಹುಳಿ ನಾತ, ಮೇಲೆ ನೊಣದ ಕಂಬಳಿ, ಒಳಗೆ ಬಿಳೀ ಹುಳ ಮಿಜಿಮಿಜಿ. ಅದರ ಪಕ್ಕ ನಿಂತು ಬನ್ ತಿಂತಿದ್ದ ಮಹಾರಾಯ!

ಚಿಕ್ಕಂದಿನಿಂದ ನಾರು ಕಂಡ್ರಾಗಲ್ಲ ಅವನಿಗೆ. ಕಿತ್ತಳೆ ತೊಳೆ ಕೊಟ್ರೆ ರಸ ಹೀರಿ, ಉಳಿದದ್ದನ್ನ ತಟ್ಟೆ ಅಂಚಿಗೆ ಉಗೀತಿದ್ದ. ನಮ್ಮಮ್ಮ ಬೆನ್ನಿಗೆ ಗುದ್ದೋಳು. ಪಾಪ, ಅವಳ ಗುದ್ದೂ ಮೆತ್ತಗೆ... ಇರ್ಲಿ ಬಿಡು. ಅಂಗಡಿಲೂ ಅದೇ ಚಾಳಿ. ಜರಡಿಲಿ ಸೋಸಿ, ಮತ್ತೆ ಬಟ್ಟೆಲಿ ಸೋಸಿ, ರಸಾನ ನೀರಿನಷ್ಟು ತಿಳಿ ಮಾಡೋನು. ಜನ ಸೋಸಪ್ಪ ಅಂತಲೇ ಕರೆದ್ರು. ಒಂದು ಎಳೆನೂ ಇಲ್ಲ ಅಂತ ತೋರಿಸಕ್ಕೆ ಪ್ರತಿ ಜಗ್ಗಿನ ಮೊದಲ ಲೋಟ ಗಿರಾಕಿ ಮುಂದೆ ತಾನೇ ಗಟಗಟ ಕುಡಿಯೋನು. ಬೆಳಗಿಂದ ಸಂಜೆವರೆಗೆ!

ಸಕ್ಕರೆ ಕಾಯಿಲೆ ಬಂತು. ಆ ಲೋಟ ಬಿಡೋ ಅಂದೆ. "ಹಣ್ಣು ತಾನೇ ಅಕ್ಕ, ಒಂದು ಚಮಚ ಸಕ್ಕರೆ ಹಾಕಲ್ಲ" ಅಂದ. ಕಾಲ್ಬೆರಳಲ್ಲಿ ಹುಣ್ಣಾಯ್ತು. ಬ್ಯಾಂಡೇಜ್ ಬಿಚ್ಚಿದ್ರೆ ಆ ಡ್ರಮ್ಮಿನದೇ ನಾತ! ಡಾಕ್ಟರಮ್ಮ ನೋಡಿ, "ಸಕ್ಕರೆ ಇಳೀದಿದ್ರೆ ಬೆರಳು ತೆಗೀಬೇಕಾಗುತ್ತೆ" ಅಂದ್ರು. ಲೋಟದ ವಿಷಯ, ಡ್ರಮ್ಮಿನ ವಿಷಯ ನಾನೇ ಬಾಯ್ಬಿಟ್ಟೆ. ಡಾಕ್ಟರಮ್ಮ ಹಣೆ ಚಚ್ಕೊಂಡ್ರು.

"ಸಕ್ಕರೆನ ತುಂಡು ಮಾಡೋಕೆ ಹೊಟ್ಟೇಲಿ ಎಂಜೈಮ್ ಅಂತ ಇರ್ತವೆ ಕಣ್ರೀ. ನಾರಿದ್ರೆ ಲೋಳೆಯಾಗಿ ಅಡ್ಡ ಬರುತ್ತೆ, ಅವುಗಳ ಕೆಲಸ ನಿಧಾನ ಆಗುತ್ತೆ, ಸಕ್ಕರೆ ಮೆಲ್ಲಗೆ ರಕ್ತಕ್ಕೆ ಇಳಿಯುತ್ತೆ. ನೀವು ನಾರೆಲ್ಲ ಡ್ರಮ್ಮಿಗೆ ಹಾಕಿ, ಸಕ್ಕರೆಗೆ ರಸ್ತೆ ಗುಡಿಸಿ ಕೊಟ್ಟಿದ್ದೀರಿ."

"ಲೋಳೆನಾ? ವ್ಯಾಕ್!" ಅಂದ ನಮ್ಮ ರಾಜಕುಮಾರ.

"ಹುಳದ ಪಕ್ಕ ಬನ್ ತಿನ್ನೋನಿಗೆ ಲೋಳೆ ಅಸಹ್ಯನೇನೋ?" ಅಂದೆ.

ಮಾತ್ರೆ, ಸೂಜಿ, ದಿನಾ ಡ್ರೆಸ್ಸಿಂಗು. ಲೋಟ ಬಂದ್. ಊಟಕ್ಕೆ ಕಾಳು, ಸೊಪ್ಪು, ಸಿಪ್ಪೆ ಸಮೇತ ಸೇಬು. ಹೆಂಡತಿ ಎದುರಿಗೆ ಕೂತು "ಉಗೀಬೇಡ್ರೀ, ನುಂಗಿ" ಅನ್ನೋಳು. ಕಣ್ಣಲ್ಲಿ ನೀರು, ಗಲ್ಲದ ಮೇಲೆ ಜೊಲ್ಲು, ಹಲ್ಲಿನ ಸಂದಿಯಿಂದ ಎಳೆ ಕಿತ್ತು ಬೆಳಕಿಗೆ ಹಿಡಿದು ನೋಡೋನು. ಛೀ! ನನ್ನ ಊಟ ಅಲ್ಲಿಗೇ ಮುಗೀತಿತ್ತು. ಆದ್ರೂ ನುಂಗಿದ, ನನ್ನ ಬಂಗಾರ.

ಹುಣ್ಣು ಮೆಲ್ಲಗೆ ಮಾಯ್ತು. ಬೆರಳು ಉಳೀತು. ಖುಷಿಗೆ ನನ್ನನ್ನ ಅಂಗಡಿ ಹಿಂದಕ್ಕೆ ಕರ್ಕೊಂಡು ಹೋಗಿ, ಡ್ರಮ್ಮಿಗೆ ಒದೆಯೋಕೆ ಕಾಲೆತ್ತಿದ.

"ಲೋ ಅಡ್ಡಕಸಬಿ, ಅದೇ ಬೆರಳು ಕಣೋ!"

ಕಾಲಿಳಿಸಿ ಕೈಯಲ್ಲಿ ತಳ್ಳಿದ. ಹುಳವೆಲ್ಲ ನನ್ನ ಚಪ್ಪಲಿ ಮೇಲೆ. ಥೂ!