ಕೆಂಪು ಗಾಡಿಗೆ ಬಲಗಡೆ ಬಿದ್ದ ಹೂವು

ಆ ಶನಿವಾರ ಹನುಮಪ್ಪನ ಬಲಭುಜದಿಂದ ಬಿದ್ದ ಹೂವು ತಾನಾಗಿ ಬಿದ್ದದ್ದಲ್ಲ. ನಾನು ಬೀಳಿಸಿದ್ದು. ನಾಲ್ಕು ವರ್ಷವಾಯಿತು — ನಿನ್ನೆಯವರೆಗೂ ಇದನ್ನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ ಹೇಳಿಲ್ಲ. ಹನುಮಪ್ಪನಿಗೆ ಹೇಳುವ ಅಗತ್ಯ ಬೀಳಲಿಲ್ಲ, ಅವನು ಎದುರಿಗೇ ಇದ್ದ.

ನಾನು ಹಗರಿಬೊಮ್ಮನಹಳ್ಳಿಯಿಂದ ಕೂಡ್ಲಿಗಿಗೆ ಹೋಗುವ ರಸ್ತೆಯ ಬದಿಯಲ್ಲಿರುವ ಹನುಮಪ್ಪನ ಒಂದು ಸಣ್ಣ ಗುಡಿಯ ಪೂಜಾರಿ. ನಮ್ಮ ಕಡೆ ಹೆಣ್ಣು ನೋಡಲಿ, ಬೋರ್ ಹಾಕಿಸಲಿ, ಎಮ್ಮೆ ಕೊಳ್ಳಲಿ, ಮೊದಲು ಬಂದು ಹೂ ಕೇಳುತ್ತಾರೆ. ಸ್ವಾಮಿಯ ಎರಡೂ ಭುಜಕ್ಕೆ ಒಂದೊಂದು ಹೂ ಹಚ್ಚುತ್ತೇನೆ. ಕೇಳುವವರು ಮನಸ್ಸಿನ ಮಾತು ಹೇಳಿ ಕೈಮುಗಿದು ನಿಲ್ಲುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಹಚ್ಚುವುದು ನನ್ನ ಕೆಲಸ, ಬೀಳಿಸುವುದು ಅವನ ಕೆಲಸ. ಮೂವತ್ತು ವರ್ಷ ನಾವಿಬ್ಬರೂ ಒಬ್ಬರ ಕೆಲಸಕ್ಕೆ ಒಬ್ಬರು ಕೈ ಹಾಕಿರಲಿಲ್ಲ.

ನನಗೆ ಇಬ್ಬರು ಗೆಳೆಯರು. ಒಬ್ಬ ಕೊಟ್ರೇಶ — ಮೆಕ್ಕೆಜೋಳ ಒಕ್ಕುವ ಯಂತ್ರಗಳನ್ನು ಬಾಡಿಗೆಗೆ ಓಡಿಸುವವನು, ಕೊಟ್ಟೂರಿನಿಂದ ಹಡಗಲಿಯವರೆಗೆ ಅವನ ಯಂತ್ರ ನಿಲ್ಲದ ಕಣವಿಲ್ಲ. ಇನ್ನೊಬ್ಬ ಖಾಜಾಸಾಬ — ಆ ಯಂತ್ರಗಳನ್ನು ರಿಪೇರಿ ಮಾಡುವವನು, ಅವನ ಗ್ಯಾರೇಜು ಗುಡಿಯಿಂದ ಕೂಗಳತೆಯಲ್ಲಿದೆ. ಪ್ರತಿ ಶನಿವಾರ ಪೂಜೆ ಮುಗಿದ ಮೇಲೆ ಮೂವರೂ ಗುಡಿಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವುದು ಶಾಲೆ ಬಿಟ್ಟ ದಿನದಿಂದ ನಡೆದುಬಂದ ಪದ್ಧತಿ. ನಮ್ಮ ಗುಡಿಯ ಕರೆಂಟಿನ ನಗಾರಿಯನ್ನು ಸರಿಯಾಗಿ ಇಟ್ಟುಕೊಂಡಿದ್ದವನೂ ಖಾಜಾನೇ. ಮಂಗಳಾರತಿಯ ಹೊತ್ತಿಗೆ ಅದು ಢಂ ಢಂ ಎಂದು ತನ್ನ ಎರಡೂ ಕಬ್ಬಿಣದ ಕೈಯಲ್ಲಿ ಬಾರಿಸಿದರೆ ಅವನು ಕಟ್ಟೆಯ ಮೇಲೆ ಕೂತು ತಲೆಯಾಡಿಸುತ್ತಿದ್ದ.

ಕೊಟ್ರೇಶನಿಗೆ ಚಿಕ್ಕಂದಿನಿಂದ ಒಂದೇ ಹುಚ್ಚು — ಎರಡೇ ಬಾಗಿಲಿನ ಉದ್ದನೆಯ ಕಾರು. ಐವತ್ತು ದಾಟಿದ ಮೇಲೆ ಕೈಯಲ್ಲಿ ಸ್ವಲ್ಪ ದುಡ್ಡು ಆಡತೊಡಗಿತು, ಹುಚ್ಚು ಮತ್ತೆ ಎದ್ದಿತು. ಹೊಸದು ಕೊಳ್ಳುವ ಮಾತೇ ಇರಲಿಲ್ಲ. ಆದರೆ ದಾವಣಗೆರೆಯ ಹೊರಗೆ, ದೊಡ್ಡವರು ಓಡಿಸಿ ಬಿಟ್ಟ ಕಾರುಗಳನ್ನು ಮಾರುವವನೊಬ್ಬನಲ್ಲಿ ಅಂಥವು ಎರಡು ಬಂದು ನಿಂತಿವೆ ಎಂದು ಸುದ್ದಿ ಸಿಕ್ಕಿತು. ಒಂದು ಬೂದು ಬಣ್ಣದ್ದು, ಒಂದು ಕೆಂಪು. ಎರಡೂ ಹತ್ತು ವರ್ಷ ಹಳೆಯವು, ಎರಡಕ್ಕೂ ಒಂದೇ ಬೆಲೆ. ಇಂಥ ಗಾಡಿಗೆ ಗ್ರ್ಯಾಂಡ್ ಟೂರಿಂಗ್ ಅನ್ನುತ್ತಾರಂತೆ. ದೂರದ ಊರಿಗೆ ಇಬ್ಬರೇ ಆರಾಮಾಗಿ ಹೋಗಲೆಂದು ಮಾಡಿದ್ದಂತೆ. ಕೊಟ್ರೇಶ ಇದನ್ನು ಮನೆಯಲ್ಲಿ ಹೇಳಿದಾಗ ಅವನ ಹೆಂಡತಿ ಅನ್ನಪೂರ್ಣ, "ಟೂರಿಂಗ್ ಅಂದ್ರ ಟೆಂಟ್ ಸಿನೆಮಾ ಏನ್ರಿ? ನಾಕು ಮಂದಿ ಹತ್ತಂಗಿಲ್ಲ, ಒಂದು ಚೀಲ ಜ್ವಾಳ ಹಿಡಿಯಂಗಿಲ್ಲ, ಅದೆಂಥಾ ಕಾರ್ರಿ ಅದು?" ಎಂದಳಂತೆ.

ಮೂವರೂ ನೋಡಲು ಹೋದೆವು. ಖಾಜಾ ಹೋದವನೇ ನೆಲಕ್ಕೆ ಒಂದು ಗೋಣಿಚೀಲ ಹಾಸಿ ಎರಡೂ ಗಾಡಿಗಳ ಅಡಿಗೆ ಒಂದೊಂದಾಗಿ ನುಗ್ಗಿದ. ಹೊರಗೆ ಕಾಣುತ್ತಿದ್ದದ್ದು ಅವನ ಎರಡು ಪಾದಗಳು ಮಾತ್ರ. ಬಹಳ ಹೊತ್ತಿನ ಮೇಲೆ ಎದ್ದು ಬಂದು, ಅಂಗಿಯ ಧೂಳನ್ನೂ ಕೊಡವದೆ ಹೇಳಿದ.

"ಕೆಂಪು ಬ್ಯಾಡಲೇ ಕೊಟ್ರ್ಯಾ. ಅದರ ಅಡಿಗೆ ಸ್ಪ್ರಿಂಗ್ ಇಲ್ಲ, ಗಾಳಿ ಚೀಲ ಅದಾವ. ರಬ್ಬರ್ ಬಿರಿದು ಬಿಟ್ಟೈತಿ. ಅದು ಒಂದಿನ ಕುಂತ್ರ ಏಳಂಗಿಲ್ಲ. ಬೂದು ತಗೋ, ನಿನ್ನ ಮೊಮ್ಮಗನೂ ಓಡಿಸ್ತಾನ."

ಕೊಟ್ರೇಶ ಕೆಂಪು ಗಾಡಿಯ ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ಬೂದು ಗಾಡಿಯನ್ನು ನೋಡುತ್ತಿದ್ದ. ಬುದ್ಧಿ ಒಂದು ಕಡೆ, ಕೈ ಒಂದು ಕಡೆ.

ಅಷ್ಟರಲ್ಲಿ ನಾನು — ಇಲ್ಲಿಂದಲೇ ನನ್ನ ಪಾಪದ ಕಥೆ ಶುರುವಾಗುವುದು — ಎರಡರಲ್ಲೂ ಕೂತು ನೋಡಿದ್ದೆ. ಬೂದು ಗಾಡಿಯ ಸೀಟು ಶಾಲೆಯ ಬೆಂಚಿನಷ್ಟು ಗಟ್ಟಿ. ಕೆಂಪು ಗಾಡಿಯಲ್ಲಿ ಕೂತಾಗ ಮಾರುವವನು ಬಾಗಿಲ ಬದಿಯ ಒಂದು ಗುಂಡಿ ಒತ್ತಿದ. ಸೀಟಿನ ಒಳಗಿನಿಂದ ಯಾರೋ ಮುಷ್ಟಿ ಕಟ್ಟಿಕೊಂಡು ನನ್ನ ಸೊಂಟದಿಂದ ಹೆಗಲವರೆಗೆ ಮೆಲ್ಲಗೆ ಉಜ್ಜತೊಡಗಿದರು. ನಮ್ಮ ಗರ್ಭಗುಡಿಯ ಬಾಗಿಲು ನನ್ನ ಎದೆಯೆತ್ತರಕ್ಕಿದೆ. ಮೂವತ್ತು ವರ್ಷ ದಿನಕ್ಕೆ ಇಪ್ಪತ್ತು ಸಲ ಬಾಗಿ ಬಾಗಿ ನನ್ನ ಬೆನ್ನು — ಬೇಡ, ಬೆನ್ನಿನ ಮಾತು ಎತ್ತಿದರೆ ಅದು ನೆಪವಾಗುತ್ತದೆ. ಕಣ್ಣು ಮುಚ್ಚಿದೆ ಅಷ್ಟೇ. ಕೊಟ್ರೇಶ ಗಾಡಿ ಕೊಂಡರೆ ಪಕ್ಕದ ಸೀಟು ಯಾರದು? ಅನ್ನಪೂರ್ಣ ಹತ್ತುವುದಿಲ್ಲ ಎಂದು ಆಗಲೇ ಹೇಳಿಯಾಗಿತ್ತು. ಖಾಜಾನಿಗೆ ಗ್ಯಾರೇಜು ಬಿಟ್ಟು ಬರಲಾಗುವುದಿಲ್ಲ. ಲೆಕ್ಕ ಸುಲಭವಾಗಿತ್ತು.

ವಾಪಸು ಬರುವಾಗ ದಾರಿಯುದ್ದಕ್ಕೂ ಕೆಂಪು, ಬೂದು, ಕೆಂಪು, ಬೂದು ಎಂದು ತೂಗಿ ತೂಗಿ ಸಾಕಾಗಿ ಕೊಟ್ರೇಶ, "ಶನಿವಾರ ಹನುಮಪ್ಪನ್ನ ಕೇಳಿ ಬಿಡಾಣ" ಎಂದ. ಖಾಜಾ ನಕ್ಕ. "ಕೇಳಪಾ. ಅವ ಗಾಳಿದೇವ್ರ ಮಗ ಅಲ್ಲೇನು, ಗಾಳಿ ಚೀಲದ ಹಣೆಬರಹ ಅವಗ ನನಗಿಂತ ಚಲೋ ಗೊತ್ತಿರ್ತೈತಿ."

ಅವನಿಗೆ ಹನುಮಪ್ಪನ ಮೇಲೆ ಅಷ್ಟು ನಂಬಿಕೆಯಿತ್ತು. ನನ್ನ ಮೇಲೂ ಇತ್ತು.

ಹೂ ಹಚ್ಚುವುದರಲ್ಲಿ ಒಂದು ಗುಟ್ಟಿದೆ, ಪೂಜಾರಿಗಳಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಗಂಧ ಗಟ್ಟಿಯಾಗಿ ತೇಯ್ದು ಒತ್ತಿ ಹಚ್ಚಿದರೆ ಹೂ ಸಂಜೆಯವರೆಗೂ ಅಲುಗುವುದಿಲ್ಲ. ಬರೀ ನೀರು ಸವರಿ ಇಟ್ಟರೆ ಮಂಗಳಾರತಿ ಮುಗಿಯುವುದರೊಳಗೆ ಜಾರುತ್ತದೆ. ಅದಕ್ಕೇ ಎರಡೂ ಭುಜಕ್ಕೆ ಒಂದೇ ಗಂಧ, ಒಂದೇ ಒತ್ತು ಇರಬೇಕು. ನನ್ನ ಅಪ್ಪ ನನಗೆ ಮೊದಲು ಕಲಿಸಿದ್ದೇ ಇದನ್ನು. ಕೊಟ್ರೇಶ ಹೊಸಿಲ ಹೊರಗೆ ನಿಂತು, "ಬಲಕ್ಕ ಕೊಟ್ರ ಕೆಂಪು, ಎಡಕ್ಕ ಕೊಟ್ರ ಬೂದು" ಎಂದು ಕಣ್ಣು ಮುಚ್ಚಿದ. ನಾನು ಎಡಭುಜದ ಹೂವನ್ನು ಗಟ್ಟಿ ಗಂಧದಲ್ಲಿ ಹೆಬ್ಬೆರಳಿನಿಂದ ಒತ್ತಿದೆ. ಬಲಭುಜಕ್ಕೆ ನೀರು ಮಾತ್ರ.

ಬೀಳಲಿಲ್ಲ.

ಕರ್ಪೂರ ಹಚ್ಚಿದೆ, ಉರಿದುಹೋಯಿತು. ಗಂಟೆ ಬಾರಿಸಿದೆ, ನಗಾರಿ ಹಾಕಿದೆ — ಗುಡಿಯ ಗೋಡೆ ಅದುರಿದರೂ ಆ ಒದ್ದೆ ಹೂ ಕಲ್ಲಿಗೆ ಮೊಳೆ ಹೊಡೆದಂತೆ ನಿಂತಿತ್ತು. ಅರ್ಧ ಗಂಟೆ! ನನ್ನ ಬೆವರು ಇಳಿದು ಹೋಯಿತೇ ಹೊರತು ಹೂ ಇಳಿಯಲಿಲ್ಲ. ಈಗ ಅನ್ನಿಸುತ್ತದೆ, ಅವನು ನನಗೆ ಅರ್ಧ ಗಂಟೆ ಸಮಯ ಕೊಟ್ಟಿದ್ದ. ನಾನು ಎರಡನೆಯ ಸಲ ಕರ್ಪೂರ ಹಚ್ಚಿ, ಆರತಿ ತಟ್ಟೆ ಎತ್ತುವ ನೆಪದಲ್ಲಿ ಮೊಣಕೈಯಿಂದ ಸ್ವಾಮಿಯ ಬಲಭುಜ ತಿವಿದೆ. ಹೂ ಬಿತ್ತು. "ಬಲಕ್ಕ ಕೊಟ್ಟ!" ಎಂದು ಕೂಗಿದೆ, ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ನಾನು ದೇವರು ಕೊಡದಿದ್ದನ್ನೂ ಕೊಟ್ಟವನು.

ಕಟ್ಟೆಯ ಮೇಲೆ ಕೂತಿದ್ದ ಖಾಜಾನ ಮುಖ ಒಂದು ಕ್ಷಣ ಚಿಕ್ಕದಾಯಿತು. "ದೇವ್ರು ಹೇಳ್ಯಾನ ಅಂದ ಮ್ಯಾಲೆ ನಂದೇನೈತಿ. ತಗೋ, ಚಲೋ ಆಗ್ಲಿ" ಎಂದು ಕೊಟ್ರೇಶನ ಬೆನ್ನು ತಟ್ಟಿದ.

ಕೆಂಪು ಗಾಡಿ ಬಂತು. ಮೊದಲ ತಿಂಗಳು ನಾನು ಪಕ್ಕದ ಸೀಟಿನಲ್ಲಿ ಬೆನ್ನು ಉಜ್ಜಿಸಿಕೊಂಡು ಹರಪನಹಳ್ಳಿಯನ್ನೆಲ್ಲ ಕಂಡೆ. ಅದೇ ತಾಲೂಕಿನ ಅರಸೀಕೆರೆಯ ರಸ್ತೆಯ ಹಂಪು ಬಂದಾಗ ಮಾತ್ರ ಗಾಡಿಯ ಹೊಟ್ಟೆ ನೆಲಕ್ಕೆ ತಾಗುತ್ತಿತ್ತು. ಭಾರ ಕಡಿಮೆ ಮಾಡಲು ನಾನು ಇಳಿದು ಹಂಪು ದಾಟಿ ನಡೆದು ಮತ್ತೆ ಹತ್ತಬೇಕಿತ್ತು. ಸಂತೆಗೆ ಹೋಗುವವರು ನಿಂತು ನೋಡುತ್ತಿದ್ದರು. ಎರಡನೆಯ ತಿಂಗಳು ಸೀಟಿನ ಒಳಗಿನ ಮುಷ್ಟಿ ಮೇಲೆ ಬಂದದ್ದು ಕೆಳಗೆ ಹೋಗಲಿಲ್ಲ. ಸೊಂಟದ ನಡುವೆ ಹಾಗೇ ಗುದ್ದು ಕೊಟ್ಟುಕೊಂಡು ನಿಂತುಬಿಟ್ಟಿತು. ಯಾರ ಹತ್ತಿರ ದೂರಲಿ?

ಮೂರನೆಯ ತಿಂಗಳು ಹೊಳಲಿಗೆ ಹೋದೆವು, ಅನಂತಶಯನನ ದರ್ಶನಕ್ಕೆ. ದರ್ಶನ ಮುಗಿಸಿ ಹೊರಗೆ ಬಂದರೆ ಗಾಡಿ ನಾಲ್ಕೂ ಚಕ್ರ ಹೊಟ್ಟೆಯೊಳಗೆ ಎಳೆದುಕೊಂಡು ನೆಲಕ್ಕೆ ಅಂಟಿ ಕೂತಿತ್ತು. ಗುಡಿಯ ಮುಂದೆ ಕೂತಿದ್ದ ಒಬ್ಬ ಅಜ್ಜ, "ಒಳಗ ಸ್ವಾಮಿ ಮಲಗ್ಯಾನ, ಹೊರಗ ನಿಮ್ಮ ಗಾಡಿ ಮಲಗೈತಿ. ಭಕ್ತಿ ಅಂದ್ರ ಹಿಂಗಿರಬೇಕ್ರಿ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ — ಕೊಟ್ರೇಶ ಮಾತ್ರ ನಗಲಿಲ್ಲ.

ಅವನು ಲಾರಿಯ ಮೇಲೆ ಗಾಡಿ ಹೇರಿಸಿಕೊಂಡು ನೆಟ್ಟಗೆ ಖಾಜಾನ ಗ್ಯಾರೇಜಿಗೆ ಬಂದ. ರಿಪೇರಿಗಲ್ಲ, ಜಗಳಕ್ಕೆ. "ಸ್ವಾಮಿ ತಾನಾಗಿ ಕೊಟ್ಟ ಗಾಡಿ ಇದು. ಅದು ಕೆಡಂಗಿಲ್ಲ. ಕುಂತ್ರ ಏಳಂಗಿಲ್ಲ ಅಂದ್ಯಲ್ಲ, ನಿನ್ನ ಬಾಯಿ ತಾಗೈತಿ ಅದಕ್ಕ!"

ಅವನ ದೃಷ್ಟಿಯಲ್ಲಿ ಮಾತು ಸರಿಯಾಗಿಯೇ ಇತ್ತು. ದೇವರು ತಪ್ಪುವುದಿಲ್ಲ, ಗಾಡಿ ತಪ್ಪಿದೆ, ಅಂದ ಮೇಲೆ ನಡುವೆ ಯಾರದೋ ಕೈವಾಡ ಇರಲೇಬೇಕು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಅನ್ನುವಂತೆ ನಾನು ಮೊಣಕೈ ಉಜ್ಜಿಕೊಂಡು ಅಲ್ಲೇ ನಿಂತಿದ್ದೆ. ಆಗ ಒಂದೇ ಒಂದು ಮಾತು ಸಾಕಿತ್ತು. ಖಾಜಾ ನನ್ನ ಕಡೆ ನೋಡಿದ, ನಾನೇನಾದರೂ ಹೇಳುತ್ತೇನೆಂದು. ನಾನು ಲಾರಿಯ ನಂಬರು ಓದುತ್ತ ನಿಂತೆ.

ಅಂದಿನಿಂದ ಕೊಟ್ರೇಶನ ಯಂತ್ರಗಳು ಹರಪನಹಳ್ಳಿಯ ಗ್ಯಾರೇಜಿಗೆ ಹೋಗುತ್ತವೆ. ಖಾಜಾ ಶನಿವಾರ ಕಟ್ಟೆಗೆ ಬರುವುದು ಬಿಟ್ಟ. ಬಾಯಿ ತಾಗುವವನು ಗುಡಿಯ ಹತ್ತಿರ ಯಾಕೆ ಬರಲಿ ಎಂದನಂತೆ ಯಾರ ಹತ್ತಿರವೋ. ನಗಾರಿಯ ಒಂದು ಕೈ ಕೆಟ್ಟು ನಿಂತು ಮೂರು ವರ್ಷವಾಯಿತು. ಢಂ — ಆಮೇಲೆ ಏನೂ ಇಲ್ಲ — ಢಂ. ಬೇರೆಯವರನ್ನು ಕರೆಸಿ ಮಾಡಿಸಬಹುದಿತ್ತು. ನನಗೆ ಬಾಯಿ ಬರಲಿಲ್ಲ.

ಮೊನ್ನೆ ಕೊಟ್ರೇಶ ಬಂದ. ಕೆಂಪು ಗಾಡಿಯನ್ನು ಗುಜರಿಯವನಿಗೆ ಕೊಟ್ಟು ಬಂದಿದ್ದ. ಹುಬ್ಬಳ್ಳಿಯಲ್ಲಿ ಮತ್ತೆ ಎರಡು ನೋಡಿದ್ದಾನಂತೆ, ಒಂದು ಕಪ್ಪು, ಒಂದು ಬಿಳಿ, ಎರಡೇ ಬಾಗಿಲಿನವು. ಈ ಶನಿವಾರ ಹೂ ಕೇಳಬೇಕಂತೆ. ಹೇಳುತ್ತ ಹೇಳುತ್ತ ಜೇಬಿನಿಂದ ಅರಿಶಿನ ಬಟ್ಟೆಯ ಒಂದು ಸಣ್ಣ ಗಂಟು ತೆಗೆದು ಕಣ್ಣಿಗೊತ್ತಿಕೊಂಡ. ನಾಲ್ಕು ವರ್ಷ ಗಾಡಿಯ ಕನ್ನಡಿಗೆ ಕಟ್ಟಿದ್ದ ಗಂಟು. ಒಳಗೆ ಆ ಹೂವು, ಪುಡಿಯಾಗಿತ್ತು. "ಗಾಡಿ ಹೋದ್ರ ಹೋಗ್ಲಿ. ಸ್ವಾಮಿ ಕೊಟ್ಟ ಹೂ ಮಾತ್ರ ಯಾರಿಗೂ ಕೊಡಂಗಿಲ್ಲ" ಎಂದ.



ನಿನ್ನೆ ಬೆಳಿಗ್ಗೆ ಖಾಜಾನ ಗ್ಯಾರೇಜಿಗೆ ಹೋದೆ. ಅವನು ಒಂದು ಟ್ರ್ಯಾಕ್ಟರಿನ ಅಡಿಗೆ ಮಲಗಿದ್ದ, ಪಾದ ಮಾತ್ರ ಕಾಣುತ್ತಿತ್ತು. ಮುಖ ಕಾಣದಿದ್ದದ್ದೇ ಒಳ್ಳೆಯದಾಯಿತು. ಗಂಧ, ನೀರು, ಮೊಣಕೈ, ಸೀಟು — ಎಲ್ಲವನ್ನೂ ಆ ಎರಡು ಪಾದಗಳಿಗೆ ಹೇಳಿದೆ. ಸ್ಪ್ಯಾನರಿನ ಸದ್ದು ನಿಂತಿತು.

"ಸೀಟು ಅಷ್ಟು ಚಲೋ ಇತ್ತೇನಲೇ?" ಎಂದು ಕೇಳಿದ.

"ಇತ್ತು" ಎಂದೆ.

"ಮೂವತ್ತು ವರ್ಷ ಆತು, ನಾನೂ ನೆಲದ ಮ್ಯಾಲೆ ಬೆನ್ನು ಹಚ್ಚಿ ಮಲಗಿದಾಂವ. ಅವತ್ತು ಅದೇ ಗಾಡಿ ಅಡಿಗೆ ಮಲಗಿದ್ದೆ. ನೀ ಮ್ಯಾಲೆ ಕುಂತಿದ್ದಿ. ನಂಗೂ ಒಂದು ಸಲ ಆ ಗುಂಡಿ ಒತ್ತು ಬಾ ಅನ್ನಲಿಲ್ಲ ನೋಡು ನೀನು."

ಅವನ ಬೆನ್ನಿನ ನೆನಪು ನನಗೆ ಆ ದಿನ ಬಂದಿರಲಿಲ್ಲ. ಈ ನಾಲ್ಕು ವರ್ಷದಲ್ಲಿ ಒಂದು ದಿನವೂ ಬಂದಿರಲಿಲ್ಲ. ಸ್ಪ್ಯಾನರಿನ ಸದ್ದು ಮತ್ತೆ ಶುರುವಾಯಿತು. "ನನಗ ಹೇಳಿದ್ದು ಸಾಕು. ಕೊಟ್ರ್ಯಾಗ ಹೇಳು" ಎಂದ. ಹೊರಗೆ ಬರಲಿಲ್ಲ.

ಬಾಯಲ್ಲಿ ಹೇಳಹೋದರೆ ನನ್ನ ನಾಲಿಗೆ ನಡುವೆ ಎಲ್ಲಾದರೂ ದೇವರ ಹೆಸರು ಎಳೆದು ತರುತ್ತದೆ, ಅದರ ಅಭ್ಯಾಸ ಅದು. ಅದಕ್ಕೇ ಬರೆದಿಟ್ಟಿದ್ದೇನೆ. ನಾಳೆ ಶನಿವಾರ. ಕೊಟ್ರೇಶ ಬಂದಾಗ ಗಂಧ ತೇಯುವುದಿಲ್ಲ, ಹೂ ಹಚ್ಚುವುದಿಲ್ಲ. ಹೊಸಿಲ ಮೇಲೆ ನಿಂತು ಈ ಹಾಳೆಗಳನ್ನು ಮೊದಲಿನಿಂದ ಓದುತ್ತೇನೆ. ಅವನು ಬೈಯಲಿ, ಊರಿಗೆಲ್ಲ ಹೇಳಲಿ, ನನ್ನ ಕೈಯಿಂದ ತೀರ್ಥ ತೆಗೆದುಕೊಳ್ಳುವುದನ್ನೇ ಬಿಡಲಿ. ಓದಿ ಮುಗಿಸಿದ ಮೇಲೆ ಕೈಚಾಚಿ ಆ ಅರಿಶಿನ ಬಟ್ಟೆಯ ಗಂಟನ್ನು ವಾಪಸು ಕೇಳುತ್ತೇನೆ. ಅದು ಸ್ವಾಮಿ ಕೊಟ್ಟದ್ದಲ್ಲ, ನನ್ನದು.