ಸೋಸುಬಟ್ಟೆಯ ಹುಳುಗಳು

೧೯೨೬ರಲ್ಲಿ ಬೆಳಗಾವಿಯಿಂದ ಖಾನಾಪುರದ ಶಾಲೆಯೊಂದಕ್ಕೆ ಬಂದ ನೇಮಣ್ಣ ಮಾಸ್ತರರು ಎರಡನೆಯ ಇಯತ್ತೆಗೆ ಪಾಠ ಹೇಳುತ್ತಿದ್ದರು. ಜೈನ ಆಚಾರದಂತೆ ಶಾಲೆಯ ಬಾವಿಯ ನೀರನ್ನು ಸೋಸಿ ಕುಡಿದು, ಬಟ್ಟೆಯಲ್ಲಿ ಉಳಿದ ಹುಳುಗಳನ್ನು ಜೀವಂತವಾಗಿ ಬಾವಿಗೇ ಬಿಡುತ್ತಿದ್ದರು. ಅವು ಮುಂದೆ ಏನಾಗುತ್ತವೆಂದು ಮಕ್ಕಳು ಕೇಳಿದಾಗ ಕೆಲವು ಹುಳುಗಳನ್ನು ಗಾಜಿನ ಭರಣಿಯಲ್ಲಿ ಹಾಕಿಕೊಟ್ಟು, “ನೀವ ನೋಡಿ ನನಗ ಹೇಳ್ರಿ” ಎಂದರು. ಭರಣಿಯಲ್ಲಿ ಹುಳುಗಳು ಸೊಳ್ಳೆಗಳಾದವು.

ಚಳಿಜ್ವರ ಸೊಳ್ಳೆಯಿಂದ ಬರುತ್ತದೆಂದು ಕಲಿಸಿದವರು ಮಾಸ್ತರರೇ. ಆ ಜ್ವರಕ್ಕೆ ತಂಗಿಯನ್ನು ಕಳೆದುಕೊಂಡಿದ್ದ ವಿದ್ಯಾರ್ಥಿನಿ ಗಂಗವ್ವ ಎದ್ದುನಿಂತಳು.

“ಮಾಸ್ತರ್ರೀ, ನಾಳಿನೂ ಬಾವಿಗೇ ಬಿಡ್ತೀರೇನ್ರೀ?”

“ಬಿಡೂದು ನನ್ನ ಧರ್ಮ ಐತವ್ವಾ.”

“ಹಂಗಾರ ಬಾವಿ ಮುಚ್ಚೂದು ನಮ್ಮ ಕೆಲಸ ಬಿಡ್ರಿ.”

ಅಂದಿನಿಂದ ವಿಜ್ಞಾನದ ಪಾಠವೆಂದರೆ ಬಾವಿಗೆ ಹಲಗೆಯ ಮುಚ್ಚಳ ಕಟ್ಟುವುದಾಯಿತು. ಮುಚ್ಚಿದರೆ ಒಳಗಿನ ಸೊಳ್ಳೆಗಳು ಸಾಯುತ್ತವೆಂದು ಮಾಸ್ತರರಿಗೆ ಗೊತ್ತಿತ್ತು. ಆದರೂ ಮೊದಲ ಹಲಗೆಯನ್ನು ಅವರೇ ಹೊತ್ತು ತಂದರು.